ಶಾಖಾಘಾತ: ಪಾರಾ ನೋಡುವ ಮೊದಲು ಮಾತು ಕೇಳಿರಿ

ಪುಣೆ ತಂಪಾದ ಊರು ಎಂಬ ಮಾತನ್ನು ನಾವೆಲ್ಲರೂ ಹಿರಿಯರಿಂದ ಕೇಳುತ್ತಲೇ ಬಂದವರು. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿ, ಸಹ್ಯಾದ್ರಿಯ ಮಗ್ಗುಲಲ್ಲಿ ನೆಲೆಸಿರುವ ಈ ನಗರಕ್ಕೆ ಕಲಬುರಗಿ, ವಿಜಯಪುರ, ಸೊಲ್ಲಾಪುರಗಳ ಕಡೆಯಿಂದ ಉದ್ಯೋಗನಿಮಿತ್ತ ಬಂದ ಕುಟುಂಬಗಳಿಗೆ ಇಲ್ಲಿಯ ಬೇಸಗೆ ಒಂದು ವರದಾನದಂತೆಯೇ ಕಂಡಿದ್ದರೆ ಆಶ್ಚರ್ಯವೇನಿಲ್ಲ. ಆದರೆ ದಾಖಲೆಗಳು ಬೇರೊಂದು ಸಂಗತಿಯನ್ನೂ ಹೇಳುತ್ತವೆ. 1897ರ ಏಪ್ರಿಲ್ 30ರಂದು ಪುಣೆಯಲ್ಲಿ 43.3 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಗಿತ್ತು. ಅದಾದ ನೂರಿಪ್ಪತ್ತೆರಡು ವರ್ಷಗಳ ತರುವಾಯ, 2019ರ ಏಪ್ರಿಲ್ ತಿಂಗಳ ಕೊನೆಯ ದಿನಗಳಲ್ಲಿ, ಶಿವಾಜಿನಗರದ ಪಾರಾ ಮತ್ತೆ 43 ಡಿಗ್ರಿಯ ಅಂಚನ್ನು ಮುಟ್ಟಿತು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ 40 ಡಿಗ್ರಿಯನ್ನು ದಾಟುವ ದಿನಗಳು ಈಗ ಪುಣೆಗರಿಗೆ ಹೊಸತಲ್ಲ.

ಶಿವಾಜಿನಗರದ ಚೌಕವೊಂದನ್ನು ಇಂದಿಗೂ ಸಿಮ್ಲಾ ಆಫೀಸ್ ಎಂದೇ ಕರೆಯುತ್ತಾರೆ. ಭಾರತೀಯ ಹವಾಮಾನ ಇಲಾಖೆಯ ಪ್ರಧಾನ ಕಚೇರಿ 1928ರಲ್ಲಿ ಸಿಮ್ಲಾದಿಂದ ಪುಣೆಗೆ ಬಂದುದರ ನೆನಪು ಆ ಹೆಸರಿನಲ್ಲಿ ಉಳಿದಿದೆ. ಪ್ರಧಾನ ಕಚೇರಿ ಮುಂದೆ ದೆಹಲಿಗೆ ಹೋಯಿತಾದರೂ ಇಲಾಖೆಯ ಬಹುಮುಖ್ಯ ಕಾರ್ಯಗಳು ಇಲ್ಲಿಯೇ ನಡೆಯುತ್ತಿವೆ. ದೇಶದ ಬಿಸಿಲನ್ನು ಅಳೆಯುವ ಕಚೇರಿಯನ್ನು ನೆರೆಯಲ್ಲಿಟ್ಟುಕೊಂಡಿರುವ ನಾವು, ನಮ್ಮ ಮನೆಯವರ ಮೈಮೇಲೆ ಅದೇ ಬಿಸಿಲು ಏನು ಮಾಡುತ್ತದೆ ಎಂಬುದನ್ನೂ ಅಷ್ಟಿಷ್ಟು ಅರಿತಿರಬೇಕಲ್ಲವೆ? ನಾವು ವೈದ್ಯರಲ್ಲ, ಕಲಾ ವಿಭಾಗದಲ್ಲಿ ಪದವಿ ಪಡೆದು ಬ್ಯಾಂಕಿನಲ್ಲಿ ದುಡಿಯುತ್ತಿರುವವರು. ವೈದ್ಯಶಾಸ್ತ್ರವು ಸರ್ವಸಮ್ಮತವಾಗಿ ಹೇಳುವ ಮಾತುಗಳನ್ನು, ಸಾಮಾನ್ಯ ಕುಟುಂಬವೊಂದಕ್ಕೆ ಉಪಯೋಗವಾಗುವ ಕ್ರಮದಲ್ಲಿ ಇಲ್ಲಿ ಜೋಡಿಸಿಕೊಡುತ್ತಿದ್ದೇವೆ.

ಅಂಕಿಯನ್ನು ಓದುವ ಬಗೆ

ಪತ್ರಿಕೆಯಲ್ಲಿ ಪ್ರಕಟವಾಗುವ ಉಷ್ಣತೆಯು ನೆರಳಿನ ಉಷ್ಣತೆ. ಗಾಳಿಯಾಡುವ ಬಿಳಿಯ ಮರದ ಪೆಟ್ಟಿಗೆಯೊಳಗೆ, ನೆಲದಿಂದ ಆಳೆತ್ತರಕ್ಕಿಂತ ತುಸು ಕೆಳಗೆ ಇಟ್ಟ ಉಷ್ಣಮಾಪಕ ತೋರಿಸುವ ಅಂಕಿ ಅದು. ಡಾಂಬರು ರಸ್ತೆಯ ಮೇಲೆ ನಿಂತವನಿಗೆ, ತಗಡಿನ ಮಾಡಿನ ಕೆಳಗೆ ಮಲಗಿದವಳಿಗೆ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಕುಳಿತ ಮಗುವಿಗೆ ತಾಗುವ ಶಾಖ ಅದಕ್ಕಿಂತ ಬಹಳ ಹೆಚ್ಚಿನದು.

ಬಯಲುಸೀಮೆಯಲ್ಲಿ ಗರಿಷ್ಠ ಉಷ್ಣತೆ ಕನಿಷ್ಠ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಅಥವಾ ಅದಕ್ಕೂ ಹೆಚ್ಚು ಏರಿದಾಗ ಹವಾಮಾನ ಇಲಾಖೆ ಅದನ್ನು ಶಾಖದ ಅಲೆ ಎಂದು ಪರಿಗಣಿಸುತ್ತದೆ. ವಾಡಿಕೆಗಿಂತ 6.4 ಡಿಗ್ರಿಗೂ ಮೀರಿ ಏರಿದರೆ ಅದು ತೀವ್ರ ಶಾಖದ ಅಲೆ. ಕರಾವಳಿಗೆ ಮಾತ್ರ ಮೊದಲ ಗಡಿ 37 ಡಿಗ್ರಿಯೇ. ಏಕೆಂದರೆ ಅಲ್ಲಿನ ಗಾಳಿಯಲ್ಲಿ ತೇವಾಂಶ ಅಧಿಕ; ಅದೇ ಅಂಕಿ ದೇಹಕ್ಕೆ ಹೆಚ್ಚು ಭಾರವಾಗುತ್ತದೆ.

ಈ ವ್ಯತ್ಯಾಸ ಕೇವಲ ಪುಸ್ತಕದ ಮಾತಲ್ಲ. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್ಘರ್‌ನಲ್ಲಿ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಪ್ರದಾನ ಸಮಾರಂಭ ತೆರೆದ ಮೈದಾನದಲ್ಲಿ ಜರುಗಿತು. ಲಕ್ಷಾಂತರ ಜನ ಭಕ್ತಿಯಿಂದ ಬಂದು ಬಿಸಿಲಿನಲ್ಲಿ ಗಂಟೆಗಟ್ಟಲೆ ಕುಳಿತಿದ್ದರು. ಅಂದು ಅಲ್ಲಿಯ ಪಾರಾ ಸುಮಾರು 38 ಡಿಗ್ರಿಯ ಆಸುಪಾಸಿನಲ್ಲಿತ್ತಷ್ಟೆ. ಆದರೂ ಬಿಸಿಲಿನ ತಾಪಕ್ಕೆ ಸಿಲುಕಿ 14 ಮಂದಿ ಅಸುನೀಗಿದರು. ನಲವತ್ತೈದು ಡಿಗ್ರಿಯಾದರೆ ಮಾತ್ರ ಅಪಾಯ ಎಂದು ನಂಬಿದವರಿಗೆ ಖಾರ್ಘರ್ ಒಂದು ಕಹಿ ಪಾಠ. ನೆರಳಿಲ್ಲದಿರುವುದು, ತೇವಾಂಶ, ಜನಜಂಗುಳಿ, ದೀರ್ಘಕಾಲದ ಕಾಯುವಿಕೆ ಇವೆಲ್ಲ ಸೇರಿದಾಗ 38 ಡಿಗ್ರಿಯೂ ಕೊಲ್ಲಬಲ್ಲದು.

ದೇಹ ತನ್ನನ್ನು ತಂಪಾಗಿಸಿಕೊಳ್ಳುವ ರೀತಿ

ನಮ್ಮ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ. ಸುಮ್ಮನೆ ಕುಳಿತ ಮನುಷ್ಯನ ದೇಹವೂ ಹಳೆಯ ಕಾಲದ ನೂರು ವ್ಯಾಟಿನ ಬಲ್ಬಿನಷ್ಟು ಶಾಖವನ್ನು ಸದಾ ಹೊಮ್ಮಿಸುತ್ತಲೇ ಇರುತ್ತದೆ. ಮೈಮುರಿದು ದುಡಿಯುವಾಗ ಇದು ಹಲವು ಪಟ್ಟು ಹೆಚ್ಚುತ್ತದೆ. ಈ ಶಾಖ ಹೊರಹೋಗಲೇಬೇಕು. ಹೊರಗಿನ ಗಾಳಿ ಮೈಗಿಂತ ತಂಪಾಗಿದ್ದಾಗ ಶಾಖ ತಾನಾಗಿಯೇ ಹೊರಗೆ ಹರಿಯುತ್ತದೆ. ಗಾಳಿಯ ಉಷ್ಣತೆ ಚರ್ಮದ ಉಷ್ಣತೆಯನ್ನು ಮೀರಿದಾಗ ಆ ದಾರಿ ಮುಚ್ಚಿಹೋಗುತ್ತದೆ. ಆಗ ಉಳಿಯುವುದು ಬೆವರೊಂದೇ.

ಬೆವರು ಸುರಿಯುವುದರಿಂದ ಮೈ ತಣಿಯುವುದಿಲ್ಲ. ಬೆವರು ಆರುವುದರಿಂದ ತಣಿಯುತ್ತದೆ. ಒಂದು ಲೀಟರ್ ಬೆವರು ಮೈಮೇಲೆಯೇ ಆವಿಯಾದರೆ ಅದು ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಕೊಂಡೊಯ್ಯುತ್ತದೆ. ಮುಂಬಯಿಯಲ್ಲಿ ಬೆವರು ತೊಟ್ಟಿಕ್ಕುತ್ತದೆಯೇ ಹೊರತು ಆರುವುದಿಲ್ಲ. ಪುಣೆಯ ಏಪ್ರಿಲ್ಲಿನ ಒಣಹವೆಯಲ್ಲಿ ಅದು ಬೇಗನೆ ಆರುತ್ತದೆ. ಇದು ನಮ್ಮ ಭಾಗ್ಯವೂ ಹೌದು, ಮೋಸವೂ ಹೌದು. ಬಟ್ಟೆ ಒದ್ದೆಯಾಗದಿರುವುದರಿಂದ ದೇಹದಿಂದ ಎಷ್ಟು ನೀರು ಹೋಯಿತೆಂಬುದೇ ನಮಗೆ ತಿಳಿಯುವುದಿಲ್ಲ. ಮಧ್ಯಾಹ್ನ ಲಕ್ಷ್ಮೀ ರಸ್ತೆಯಲ್ಲಿ ಎರಡು ಗಂಟೆ ತಿರುಗಿ ಬಂದವರು ಬೆವರೇ ಬಂದಿಲ್ಲವೆಂದು ಹೇಳುವುದುಂಟು. ಬೆವರು ಬಂದಿರುತ್ತದೆ, ಗಾಳಿ ಅದನ್ನು ಕುಡಿದುಬಿಟ್ಟಿರುತ್ತದೆ.

ಬೆವರಿಗಾಗಿ ರಕ್ತ ಚರ್ಮದತ್ತ ಧಾವಿಸಬೇಕು. ಅದಕ್ಕಾಗಿ ಹೃದಯ ಹೆಚ್ಚು ವೇಗವಾಗಿ ಬಡಿಯಬೇಕು. ನೀರು ಕಡಿಮೆಯಾದಂತೆ ರಕ್ತದ ಪ್ರಮಾಣ ಇಳಿಯುತ್ತದೆ, ಹೃದಯದ ಹೊರೆ ಏರುತ್ತದೆ. ಆದುದರಿಂದಲೇ ಬಿಸಿಲಿನ ದಿನಗಳಲ್ಲಿ ಹೃದಯ ಮತ್ತು ಮೂತ್ರಪಿಂಡದ ತೊಂದರೆಯುಳ್ಳವರು ಇತರರಿಗಿಂತ ಮೊದಲೇ ಕುಸಿಯುತ್ತಾರೆ.

ಸೌಮ್ಯದಿಂದ ಗಂಭೀರದವರೆಗೆ

ಬಿಸಿಲಿನ ಬೇನೆಗಳಲ್ಲಿ ಹಲವು ಬಗೆಗಳಿವೆ. ಬೆವರುಸಾಲೆ ಎಲ್ಲರಿಗೂ ಪರಿಚಿತ. ಮೈ ತಂಪಾಗಿ, ಒಣಗಿ ಇದ್ದರೆ ತಾನಾಗಿಯೇ ವಾಸಿಯಾಗುತ್ತದೆ. ಬಹಳ ಬೆವರಿದವರಿಗೆ ಮೀನಖಂಡ, ತೊಡೆ, ಹೊಟ್ಟೆಗಳ ಸ್ನಾಯು ಸೆಳೆದು ಹಿಡಿದುಕೊಳ್ಳುವುದುಂಟು. ವಿಶ್ರಾಂತಿಯೂ ಉಪ್ಪು ಬೆರೆತ ದ್ರವವೂ ಇದಕ್ಕೆ ಮದ್ದು. ಬಹಳ ಹೊತ್ತು ಬಿಸಿಲಿನಲ್ಲಿ ನಿಂತವರು ತಲೆ ತಿರುಗಿ ಬೀಳುವುದು ಮೂರನೆಯದು. ನೆರಳಿನಲ್ಲಿ ಮಲಗಿಸಿ ಕಾಲನ್ನು ತುಸು ಎತ್ತರಿಸಿದರೆ ಇಂಥವರು ಕೆಲವೇ ನಿಮಿಷಗಳಲ್ಲಿ ಚೇತರಿಸಿಕೊಳ್ಳುತ್ತಾರೆ.

ನಾಲ್ಕನೆಯದು ಶಾಖದ ಬಳಲಿಕೆ. ತಲೆನೋವು, ವಾಕರಿಕೆ, ಅತಿಯಾದ ಸುಸ್ತು, ಧಾರಾಕಾರ ಬೆವರು, ತಣ್ಣಗೆ ಜಿಗುಟಾದ ಚರ್ಮ, ವೇಗವಾದ ನಾಡಿ, ಗಾಢ ಹಳದಿ ಮೂತ್ರ ಇದರ ಲಕ್ಷಣಗಳು. ರೋಗಿ ಬಳಲಿರುತ್ತಾನೆ, ಆದರೆ ಎಚ್ಚರವಾಗಿಯೂ ಸ್ಪಷ್ಟವಾಗಿಯೂ ಮಾತನಾಡುತ್ತಾನೆ. ಅವನನ್ನು ತಂಪಾದ ಕಡೆ ಮಲಗಿಸಿ, ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಗುಟುಕು ಗುಟುಕಾಗಿ ಉಪ್ಪು ಸಕ್ಕರೆಯ ನೀರು ಕೊಡಬೇಕು. ಅರ್ಧ ಗಂಟೆಯೊಳಗೆ ಸುಧಾರಣೆ ಕಾಣದಿದ್ದರೆ, ವಾಂತಿ ನಿಲ್ಲದಿದ್ದರೆ ವೈದ್ಯರಲ್ಲಿಗೆ ಒಯ್ಯಬೇಕು.

ಕೊನೆಯದು ಶಾಖಾಘಾತ. ಮರಾಠಿಯಲ್ಲಿ ಇದಕ್ಕೆ ಉಷ್ಮಾಘಾತ ಎನ್ನುತ್ತಾರೆ. ದೇಹದ ಒಳ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್, ಅಂದರೆ 104 ಡಿಗ್ರಿ ಫ್ಯಾರನ್‌ಹೀಟ್ ದಾಟಿ, ಮೆದುಳಿನ ಕೆಲಸ ಕೆಡಲಾರಂಭಿಸಿದ ಸ್ಥಿತಿ ಇದು. ಚಿಕಿತ್ಸೆ ತಡವಾದರೆ ಮೆದುಳು, ಯಕೃತ್ತು, ಮೂತ್ರಪಿಂಡ, ಸ್ನಾಯುಗಳು ಒಂದೊಂದಾಗಿ ಹಾನಿಗೊಳ್ಳುತ್ತವೆ. ಇದು ತುರ್ತು ಪರಿಸ್ಥಿತಿ. ಇಲ್ಲಿ ಲೆಕ್ಕಕ್ಕೆ ಬರುವುದು ಗಂಟೆಗಳಲ್ಲ, ನಿಮಿಷಗಳು.

ಮೊದಲು ಕೆಡುವುದು ಮಾತು

ಶಾಖದ ಬಳಲಿಕೆಗೂ ಶಾಖಾಘಾತಕ್ಕೂ ಇರುವ ಗಡಿರೇಖೆಯನ್ನು ಮನೆಯವರು ಗುರುತಿಸುವುದು ಹೇಗೆ? ಈ ಲೇಖನದಲ್ಲಿ ಓದುಗರು ಒಂದೇ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳುವುದಾದರೆ ಅದು ಇದೇ ಆಗಿರಲಿ ಎಂಬುದು ನಮ್ಮ ಅಪೇಕ್ಷೆ.

ಉಷ್ಣಮಾಪಕವನ್ನು ನಂಬಿ ಕೂರುವಂತಿಲ್ಲ. ಕಂಕುಳಲ್ಲಿಟ್ಟ ಉಷ್ಣಮಾಪಕ ಒಳಗಿನ ಶಾಖವನ್ನು ಕಡಿಮೆ ತೋರಿಸುವ ಸಂಭವವಿದೆ. ಚರ್ಮ ಒಣಗಿರಬೇಕೆಂಬ ಪ್ರಸಿದ್ಧ ಲಕ್ಷಣವನ್ನೂ ಪೂರ್ತಿ ನಂಬುವಂತಿಲ್ಲ. ಮನೆಯಲ್ಲಿಯೇ ಬೆಂದುಹೋದ ವೃದ್ಧರ ಚರ್ಮ ಬಿಸಿಯಾಗಿ ಒಣಗಿರುವುದು ನಿಜ. ಆದರೆ ದುಡಿಯುತ್ತಲೋ ಓಡುತ್ತಲೋ ಕುಸಿದವರು ಬೆವರಿನಿಂದ ತೊಯ್ದೇ ಇರಬಹುದು. ಎರಡೂ ಬಗೆಗಳಲ್ಲಿ ತಪ್ಪದೆ ಕಾಣಿಸುವುದು ಬುದ್ಧಿಯ ಏರುಪೇರು. ಮಾತು ತೊದಲುತ್ತದೆ, ಅಸಂಬದ್ಧವಾಗುತ್ತದೆ. ಶಾಂತ ಸ್ವಭಾವದವರು ಸಿಡುಕುತ್ತಾರೆ. ನಡೆಯುವಾಗ ಓಲಾಡುತ್ತಾರೆ. ತಾವಿರುವ ಸ್ಥಳ, ಎದುರಿಗಿರುವ ಮನುಷ್ಯ ಗುರುತು ಸಿಗದಂತಾಗುತ್ತಾರೆ. ಮುಂದೆ ಸೆಳವು ಬರಬಹುದು, ಎಚ್ಚರ ತಪ್ಪಬಹುದು.

ಇದನ್ನು ಕಂಡವರು ಕುಡಿದಿದ್ದಾನೆಂದೋ, ಸಕ್ಕರೆ ಇಳಿದಿದೆಯೆಂದೋ, ವಯಸ್ಸಾದ ಮೇಲೆ ಹೀಗೆಯೇ ಎಂದೋ ತಪ್ಪಾಗಿ ಭಾವಿಸುವುದುಂಟು. ಪರಭಾಷಾ ಪ್ರದೇಶದಲ್ಲಿ ನೆಲೆಸಿದ ನಮಗೆ ಇನ್ನೊಂದು ತೊಡಕೂ ಇದೆ. ಊರಿನಿಂದ ಬಂದ ನಮ್ಮ ತಾಯಿಯೋ ಅತ್ತೆಯೋ ಕನ್ನಡವನ್ನಲ್ಲದೆ ಬೇರೆ ಭಾಷೆಯನ್ನು ಅರಿಯದವರಾಗಿದ್ದರೆ, ಅವರು ಅಸಂಬದ್ಧವಾಗಿ ಮಾತನಾಡುತ್ತಿರುವುದು ಮರಾಠಿಯ ನೆರೆಯವರಿಗಾಗಲಿ, ಕಾವಲುಗಾರನಿಗಾಗಲಿ, ಆಂಬುಲೆನ್ಸಿನ ಸಿಬ್ಬಂದಿಗಾಗಲಿ ತಿಳಿಯುವುದೇ ಇಲ್ಲ. ಅಜ್ಜಿಗೆ ನಮ್ಮ ಭಾಷೆ ಬಾರದು ಎಂದುಕೊಂಡು ಸುಮ್ಮನಾಗುತ್ತಾರೆ. ಅದು ಅವರ ದೋಷವಲ್ಲ. ಆ ಮಾತು ಕೆಟ್ಟಿದೆ ಎಂದು ಬಲ್ಲವರು, ಆ ಭಾಷೆಯನ್ನು ಬಲ್ಲವರು ಮಾತ್ರ.

ಇದೇ ಮಾತು ಪುಣೆಯ ಕಟ್ಟಡ ಕಾಮಗಾರಿಗಳಲ್ಲಿ ದುಡಿಯುತ್ತಿರುವ ನಮ್ಮವರಿಗೂ ಅನ್ವಯಿಸುತ್ತದೆ. ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳಿಂದ ಬಂದ ಅನೇಕರು ಇಲ್ಲಿ ಇಟ್ಟಿಗೆ ಹೊರುತ್ತಾರೆ, ರಸ್ತೆ ಅಗೆಯುತ್ತಾರೆ, ತಗಡಿನ ಶೆಡ್ಡುಗಳಲ್ಲಿ ಮಲಗುತ್ತಾರೆ. ನಮ್ಮ ಸೊಸೈಟಿಯ ಪಕ್ಕದಲ್ಲಿಯೇ ಏಳುತ್ತಿರುವ ಕಟ್ಟಡದ ಕೆಳಗೆ ಒಬ್ಬ ಕುಸಿದು ಕುಳಿತಿದ್ದರೆ, ಅವನೊಡನೆ ಕನ್ನಡದಲ್ಲಿ ನಾಲ್ಕು ಪ್ರಶ್ನೆ ಕೇಳಲು ಪದವಿ ಬೇಡ: ನಿನ್ನ ಹೆಸರೇನು? ಯಾವ ಊರು? ಇಂದು ಯಾವ ವಾರ? ಈಗ ಎಲ್ಲಿದ್ದೀಯ? ಉತ್ತರ ಸರಿಯಾಗಿ ಬಂದರೆ ನೆರಳು, ನೀರು, ವಿಶ್ರಾಂತಿ. ಉತ್ತರ ತಪ್ಪಿದರೆ, ತಡವರಿಸಿದರೆ, ಬಾರದೇ ಹೋದರೆ ಅದನ್ನು ಶಾಖಾಘಾತವೆಂದೇ ಭಾವಿಸಿ ಕೂಡಲೆ ಕಾರ್ಯೋನ್ಮುಖರಾಗಬೇಕು. ನಂತರ ಅದು ಬೇರೇನೋ ಆಗಿತ್ತೆಂದು ತಿಳಿದರೂ ಮೈ ತಂಪು ಮಾಡಿದ್ದರಿಂದ ಸಾಮಾನ್ಯವಾಗಿ ನಷ್ಟವೇನೂ ಇಲ್ಲ. ಆಂಬುಲೆನ್ಸ್ ಕರೆದದ್ದರಿಂದ ಲಾಭವೇ.

ಕೂಡಲೆ ಮಾಡಬೇಕಾದುದು

ವೈದ್ಯರು ಈ ಕ್ರಮವನ್ನು ಹೇಳುತ್ತಾರೆ:

1. ರೋಗಿಯನ್ನು ನೆರಳಿಗೆ, ಸಾಧ್ಯವಾದರೆ ಫ್ಯಾನ್ ಅಥವಾ ಏಸಿ ಇರುವ ಕೋಣೆಗೆ ಸಾಗಿಸಿ. ಅದೇ ವೇಳೆಗೆ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಈ ಉಚಿತ ಆಂಬುಲೆನ್ಸ್ ಸೇವೆ ಕರ್ನಾಟಕದಲ್ಲಿ 2008ರಿಂದ, ಮಹಾರಾಷ್ಟ್ರದಲ್ಲಿ 2014ರಿಂದ ನಡೆಯುತ್ತಿದೆ. 112 ಸಂಖ್ಯೆಯೂ ಉಂಟು.

2. ಹೊರಗಿನ ಬಟ್ಟೆಗಳನ್ನು ತೆಗೆಯಿರಿ ಅಥವಾ ಸಡಿಲಿಸಿ. ಪ್ರಾಣ ಹೋಗುವ ಹೊತ್ತಿನಲ್ಲಿ ಸಂಕೋಚಕ್ಕೆ ಎಡೆಯಿಲ್ಲ. ಹೆಂಗಸರಾದರೆ ತೆಳುವಾದ ಒದ್ದೆ ಸೀರೆಯನ್ನು ಹೊದಿಸಿದರಾಯಿತು.

3. ಮೈತುಂಬ ನೀರು ಸುರಿಯಿರಿ ಮತ್ತು ಗಾಳಿ ಹಾಕಿರಿ. ಮಗ್ಗಿನಿಂದ ಸುರಿದರೂ ಸರಿ, ಒದ್ದೆ ಪಂಚೆಯಿಂದ ಒರೆಸುತ್ತ ಬೀಸಿದರೂ ಸರಿ. ಪುಣೆಯ ಒಣಹವೆಯಲ್ಲಿ ಈ ಉಪಾಯ ಚೆನ್ನಾಗಿ ಫಲಿಸುತ್ತದೆ.

4. ಮಂಜುಗಡ್ಡೆ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಯ ಸಂದುಗಳಲ್ಲಿಡಿ. ದೊಡ್ಡ ರಕ್ತನಾಳಗಳು ಅಲ್ಲಿ ಚರ್ಮಕ್ಕೆ ಹತ್ತಿರವಾಗಿ ಹರಿಯುತ್ತವೆ.

5. ದುಡಿಯುತ್ತಲೋ ಆಡುತ್ತಲೋ ಕುಸಿದ ಗಟ್ಟಿಮುಟ್ಟಾದ ತರುಣರನ್ನು ಕತ್ತಿನವರೆಗೆ ತಣ್ಣೀರಿನಲ್ಲಿ ಮುಳುಗಿಸುವುದೇ ಅತ್ಯುತ್ತಮ. ತೊಟ್ಟಿ ಇಲ್ಲದಿದ್ದರೆ ತಾಡಪತ್ರಿಯ ಮೇಲೆ ಮಲಗಿಸಿ, ನಾಲ್ವರು ಅಂಚುಗಳನ್ನೆತ್ತಿ ಹಿಡಿದು, ಒಳಗೆ ನೀರನ್ನೂ ಮಂಜುಗಡ್ಡೆಯನ್ನೂ ಸುರಿದು ಅಲುಗಿಸಬಹುದು. ತಲೆಯನ್ನು ಸದಾ ನೀರಿನ ಮೇಲೆ ಹಿಡಿದಿರಬೇಕು. ತಾಡಪತ್ರಿ ಇಲ್ಲದ ಕಟ್ಟಡ ಕಾಮಗಾರಿ ಇಲ್ಲವಷ್ಟೆ. ವೃದ್ಧರಿಗೆ ಮುಳುಗಿಸುವ ಕ್ರಮ ಬೇಡ. ಒದ್ದೆ ಬಟ್ಟೆ ಮತ್ತು ಗಾಳಿ ಸಾಕು.

6. ಎಚ್ಚರ ತಪ್ಪಿದ್ದು ಉಸಿರಾಟ ಸರಿಯಾಗಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ. ವಾಂತಿ ಶ್ವಾಸನಾಳಕ್ಕೆ ಇಳಿಯದಂತೆ ಇದು ಕಾಯುತ್ತದೆ.

7. ಆಂಬುಲೆನ್ಸ್ ಬರುವವರೆಗೆ, ದಾರಿಯಲ್ಲಿಯೂ, ತಂಪು ಮಾಡುವುದನ್ನು ನಿಲ್ಲಿಸಬೇಡಿ. ಮೊದಲ ಅರ್ಧ ಗಂಟೆಯೊಳಗೆ ಮೈಶಾಖ ಇಳಿದವರು ಬದುಕುವ ಸಂಭವ ಬಹಳ ಹೆಚ್ಚು.

8. ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದ ಮಾತು: ಇವರು ಎಂದೂ ಹೀಗೆ ಮಾತನಾಡುವವರಲ್ಲ, ಇಂತಿಷ್ಟು ಹೊತ್ತಿನಿಂದ ಹೀಗಿದ್ದಾರೆ, ಇಂತಿಂಥ ಮಾತ್ರೆಗಳನ್ನು ಸೇವಿಸುತ್ತಾರೆ.

ಮಾಡಬಾರದ ಕೆಲಸಗಳೂ ಇವೆ. ಎಚ್ಚರವಿಲ್ಲದವರ, ಗೊಂದಲದಲ್ಲಿರುವವರ ಬಾಯಿಗೆ ನೀರು ಹಾಕಬಾರದು. ಅದು ಶ್ವಾಸಕೋಶ ಸೇರುತ್ತದೆ. ಸೆಳವು ಬಂದಾಗ ಬಾಯೊಳಗೆ ಚಮಚ ತುರುಕಬಾರದು. ಪ್ಯಾರಾಸಿಟಮಾಲ್ ಕೊಡಬಾರದು. ಜ್ವರದಲ್ಲಿ ಮೆದುಳು ತಾನೇ ಉಷ್ಣತೆಯ ಗುರಿಯನ್ನು ಮೇಲೇರಿಸಿರುತ್ತದೆ, ಮಾತ್ರೆ ಆ ಗುರಿಯನ್ನು ಕೆಳಗಿಳಿಸುತ್ತದೆ. ಶಾಖಾಘಾತದಲ್ಲಿ ಗುರಿ ಬದಲಾಗಿಲ್ಲ, ಶಾಖ ಹೊರಹೋಗಲಾರದೆ ತುಂಬಿಕೊಂಡಿದೆ. ಅಲ್ಲಿ ಮಾತ್ರೆಗೆ ಕೆಲಸವಿಲ್ಲ. ಅದು ಯಕೃತ್ತಿಗೆ ಹೆಚ್ಚಿನ ಹೊರೆಯಾದೀತು.

ಯಾರ ಬಗ್ಗೆ ವಿಶೇಷ ಎಚ್ಚರ?

ವಯಸ್ಸಾದಂತೆ ಬಾಯಾರಿಕೆ ಮಂದವಾಗುತ್ತದೆ, ಬೆವರುವ ಶಕ್ತಿ ಕುಗ್ಗುತ್ತದೆ. ರಕ್ತದೊತ್ತಡಕ್ಕಾಗಿ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆಗಳು ದೇಹದ ನೀರನ್ನು ತಗ್ಗಿಸುತ್ತವೆ. ಶೀತ ಮತ್ತು ಅಲರ್ಜಿಯ ಕೆಲವು ಔಷಧಗಳು, ಮಾನಸಿಕ ಚಿಕಿತ್ಸೆಯ ಕೆಲವು ಔಷಧಗಳು ಬೆವರನ್ನೇ ತಡೆಯುತ್ತವೆ. ಹಾಗೆಂದು ಯಾವ ಮಾತ್ರೆಯನ್ನೂ ನಾವಾಗಿ ನಿಲ್ಲಿಸಲಾಗದು. ಬೇಸಗೆಯ ಆರಂಭದಲ್ಲಿಯೇ ವೈದ್ಯರನ್ನು ಕಂಡು, ಪ್ರಮಾಣ ಬದಲಿಸಬೇಕೆ, ದಿನಕ್ಕೆ ಎಷ್ಟು ನೀರು ಕುಡಿಯಬಹುದು ಎಂದು ಕೇಳಿಕೊಳ್ಳುವುದು ಲೇಸು. ಹೃದಯ, ಮೂತ್ರಪಿಂಡದ ರೋಗಿಗಳಿಗೆ ನೀರಿನ ಮಿತಿ ಇರುವುದರಿಂದ ಇದು ಅತ್ಯಗತ್ಯ.

ಬ್ಯಾಂಕಿನ ಕೌಂಟರಿನ ಹಿಂದೆ ಮೂರು ದಶಕ ಕುಳಿತ ನಾವು ಪ್ರತಿ ಬೇಸಗೆಯಲ್ಲಿಯೂ ಕಾಣುವ ಒಂದು ದೃಶ್ಯವಿದೆ. ಏಪ್ರಿಲ್, ಮೇ ತಿಂಗಳ ಮೊದಲ ವಾರ, ಪಿಂಚಣಿಯ ಪಾಸ್‌ಬುಕ್ ಹಿಡಿದು ಎಪ್ಪತ್ತೈದು ದಾಟಿದವರು ಸರಿಯಾಗಿ ಹನ್ನೆರಡೂವರೆಗೆ ಬರುತ್ತಾರೆ; ಆ ವೇಳೆಗೆ ಸಾಲು ಕಡಿಮೆ ಎಂಬುದು ಅವರ ಲೆಕ್ಕ. ಹಣ ಎಲ್ಲಿಗೂ ಹೋಗುವುದಿಲ್ಲ. ಬಾಗಿಲು ತೆರೆದ ಮೊದಲ ಗಂಟೆಯಲ್ಲಿಯೋ, ಮಗನ ಕೈಯಲ್ಲಿರುವ ಮೊಬೈಲಿನಲ್ಲಿಯೋ ಮುಗಿಯುವ ಕೆಲಸಕ್ಕೆ ನಡುಹಗಲಿನ ಬಿಸಿಲನ್ನು ಬೆಲೆಯಾಗಿ ತೆರಬೇಕೆ?

ಮಕ್ಕಳ ದೇಹ ದೊಡ್ಡವರಿಗಿಂತ ಬೇಗ ಕಾಯುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷಗಳಲ್ಲಿ ಉಷ್ಣತೆ ಸುಮಾರು 10 ಡಿಗ್ರಿ ಏರಬಹುದು. ಗಾಜನ್ನು ಬೆರಳಗಲ ಇಳಿಸಿದ್ದರಿಂದ ಪ್ರಯೋಜನವಿಲ್ಲ. ಅಂಗಡಿಯ ಮುಂದೆ ಒಂದೇ ನಿಮಿಷ ಎಂದು ಮಗುವನ್ನಾಗಲಿ ಅಜ್ಜನನ್ನಾಗಲಿ ಕಾರಿನಲ್ಲಿ ಕೂರಿಸಿ ಹೋಗಬಾರದು.

ಇನ್ನು ರಜೆಯ ಪ್ರವಾಸ. ದೇಹ ಬಿಸಿಲಿಗೆ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಏಸಿ ಕಚೇರಿಯಲ್ಲಿ ಕುಳಿತವರು ಮೇ ತಿಂಗಳಲ್ಲಿ ನೇರವಾಗಿ ಕಲಬುರಗಿಗೋ ರಾಯಚೂರಿಗೋ ಜಾತ್ರೆ, ಮದುವೆಗಳಿಗೆ ಹೋಗಿ, ಮರುದಿನವೇ ಬಿಸಿಲಿನಲ್ಲಿ ಓಡಾಡಿದರೆ ದೇಹ ಪ್ರತಿಭಟಿಸುತ್ತದೆ. ಅಲ್ಲಿಯ ಜನ ಬಿಸಿಲನ್ನು ಬಲ್ಲವರು. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಸರಕಾರಿ ಕಚೇರಿಗಳ ವೇಳೆಯನ್ನು ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಿಸುವ ಪದ್ಧತಿ ನಡೆದುಬಂದಿದೆ. ಸರಕಾರವೇ ಬಿಸಿಲಿಗೆ ತಲೆಬಾಗುವಾಗ ಬೀಗರು ಮಾತ್ರ ಏಕೆ ಹಠ ಹಿಡಿಯಬೇಕು? ಹನ್ನೆರಡರ ಮುಹೂರ್ತಕ್ಕೆ ರೇಶಿಮೆಯುಟ್ಟು ಮೆರವಣಿಗೆಯಲ್ಲಿ ಕುಣಿಯುವುದಕ್ಕಿಂತ ಮುಂಜಾನೆಯ ಇಲ್ಲವೆ ಗೋಧೂಳಿಯ ಮುಹೂರ್ತವನ್ನು ಪುರೋಹಿತರಲ್ಲಿ ಕೇಳುವುದು ಉಚಿತ.

ನೀರು, ಪಾನಕ, ಪೊಟ್ಟಣ

ಬಾಯಾರಿಕೆಗೆ ಕಾಯದೆ ಆಗಾಗ ನೀರು ಕುಡಿಯಬೇಕೆಂಬುದು ಎಲ್ಲರೂ ಬಲ್ಲ ಮಾತು. ಸಾಕಷ್ಟು ಕುಡಿದಿದ್ದೇವೆಯೆ ಎಂಬುದಕ್ಕೆ ಸುಲಭದ ಪರೀಕ್ಷೆ ಮೂತ್ರದ ಬಣ್ಣ. ತಿಳಿಹಳದಿಯಾದರೆ ಚಿಂತೆಯಿಲ್ಲ, ಗಾಢವಾದರೆ ನೀರು ಸಾಲದು. ನಮ್ಮ ಅಡುಗೆಮನೆ ಈ ವಿಷಯದಲ್ಲಿ ಬಡವಾಗಿಲ್ಲ. ರಾಮನವಮಿಯ ಪಾನಕ, ಕೋಸಂಬರಿ, ನೀರುಮಜ್ಜಿಗೆಗಳು ಚೈತ್ರದ ಬಿಸಿಲಿಗೆ ಸರಿಯಾಗಿಯೇ ಬರುತ್ತವೆ. ಉಪ್ಪು ಹಾಕಿದ ಮಜ್ಜಿಗೆ, ರಾಗಿಯ ಅಂಬಲಿ, ಎಳನೀರು, ಇಲ್ಲಿಯ ಮಾವಿನಕಾಯಿಯ ಪನ್ಹೆ, ಕೋಕಂ ಶರಬತ್ತು ಎಲ್ಲವೂ ಒಳ್ಳೆಯವೇ. ಸಕ್ಕರೆ ಕಾಯಿಲೆಯವರು ಸಿಹಿಯನ್ನೂ, ರಕ್ತದೊತ್ತಡದವರು ಉಪ್ಪನ್ನೂ ಲಕ್ಷ್ಯದಲ್ಲಿಟ್ಟುಕೊಂಡರೆ ಸಾಕು. ಮದ್ಯ ಮಾತ್ರ ದೇಹದ ನೀರನ್ನು ಹೊರಹಾಕುತ್ತದೆ.

ಬಹಳ ಬೆವರಿ ಬಳಲಿದವರಿಗೆ ಓಆರ್‌ಎಸ್ ಉತ್ತಮ. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು ಸಕ್ಕರೆಯ ಈ ಸರಳ ದ್ರವದಿಂದ ಅಸಂಖ್ಯ ಜೀವಗಳನ್ನು ಉಳಿಸಿದರು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಸಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ 20.5 ಗ್ರಾಮಿನ ಪೊಟ್ಟಣವನ್ನು ಸರಿಯಾಗಿ ಒಂದು ಲೀಟರ್ ನೀರಿನಲ್ಲಿ ಕಲಸಬೇಕು. ಲೋಟದಲ್ಲಿ ಗಟ್ಟಿಯಾಗಿ ಕಲಸಿದರೆ ಹಿತಕ್ಕಿಂತ ಅಹಿತವೇ ಹೆಚ್ಚು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು. ಅಂಗಡಿಯಲ್ಲಿ ಸಿಗುವ ಬಣ್ಣದ ಸಿಹಿ ಪಾನೀಯಗಳ ಮೇಲೆ ಓಆರ್‌ಎಸ್ ಎಂಬ ಅಕ್ಷರಗಳನ್ನು ಬಳಸಕೂಡದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಮಾನದಂಡಗಳ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಆದುದರಿಂದ ಹೆಸರನ್ನಲ್ಲ, ಸೂತ್ರವನ್ನು ಓದಿ ಕೊಳ್ಳಿರಿ.

ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡರೆ ಬಿಸಿಲು ಬಡಿಯದೆಂಬ ನಂಬಿಕೆ ನಮ್ಮ ಉತ್ತರ ಕರ್ನಾಟಕದಲ್ಲಿಯೂ ಇಲ್ಲಿಯೂ ಪ್ರಚಲಿತ. ಈರುಳ್ಳಿಯನ್ನು ರೊಟ್ಟಿಯೊಡನೆ ತಿನ್ನೋಣ. ಜೇಬಿನಲ್ಲಿದ್ದು ಅದು ಯಾರನ್ನೂ ಕಾಯಲಾರದು. ತಲೆಗೆ ಟವೆಲ್ಲು, ಕೈಯಲ್ಲಿ ಕೊಡೆ, ಮೈಮೇಲೆ ಸಡಿಲವಾದ ತಿಳಿಬಣ್ಣದ ಹತ್ತಿ ಬಟ್ಟೆ ಇವು ನಿಜವಾದ ಕಾವಲುಗಾರರು.

ಮನೆಯೊಳಗಿನ ಬಿಸಿಲು

ಶಾಖಾಘಾತಕ್ಕೆ ಬೀದಿಗೇ ಹೋಗಬೇಕೆಂದಿಲ್ಲ. ಮೇಲಿನ ಅಂತಸ್ತಿನ ಫ್ಲ್ಯಾಟು, ಕಾದ ಕಾಂಕ್ರೀಟು, ಕಳ್ಳರ ಭಯದಿಂದ ಮುಚ್ಚಿದ ಕಿಟಕಿ, ಒಳಗೆ ಒಬ್ಬರೇ ವೃದ್ಧರು, ಇಷ್ಟು ಸಾಕು. ಹಗಲಿನಲ್ಲಿ ಬಿಸಿಲು ಬೀಳುವ ಕಿಟಕಿಗಳಿಗೆ ಪರದೆ ಎಳೆದು, ಸಂಜೆಯ ಗಾಳಿ ತಂಪಾದೊಡನೆ ಎಲ್ಲವನ್ನೂ ತೆರೆಯಬೇಕು. ಉಷ್ಣತೆ 40 ಡಿಗ್ರಿ ದಾಟಿದಾಗ ಬರಿಯ ಫ್ಯಾನು ಬಿಸಿಗಾಳಿಯನ್ನೇ ಮೈಗೆ ಊದುತ್ತದೆ. ಮೈಯನ್ನೋ ಬಟ್ಟೆಯನ್ನೋ ಒದ್ದೆ ಮಾಡಿಕೊಂಡರೆ ಅದೇ ಫ್ಯಾನು ಉಪಕಾರಿ. ನೀರು ಹಾಯಿಸುವ ಕೂಲರು ಪುಣೆಯ ಒಣಹವೆಗೆ ಹೇಳಿಮಾಡಿಸಿದಂತಿದೆ.

ಎಲ್ಲಕ್ಕಿಂತ ಮಿಗಿಲಾಗಿ, ಬಿಸಿಲಿನ ದಿನಗಳಲ್ಲಿ ಒಬ್ಬರೇ ಇರುವ ಹಿರಿಯರಿಗೆ ದಿನಕ್ಕೆ ಎರಡು ಬಾರಿ, ಅದರಲ್ಲಿ ಒಮ್ಮೆ ಮಧ್ಯಾಹ್ನ ಮೂರರ ಸುಮಾರಿಗೆ, ಫೋನ್ ಮಾಡಿ ಮಾತನಾಡಿಸಿರಿ. ಮಕ್ಕಳು ಅಮೆರಿಕದಲ್ಲಿದ್ದರೆ ನೆರೆಯವರು ಮಾಡಲಿ. ಊಟವಾಯಿತೆ ಎಂದಷ್ಟೇ ಕೇಳಿ ಇಡಬೇಡಿ. ಏನು ಅಡುಗೆ, ಯಾರು ಬಂದಿದ್ದರು ಎಂದು ಎರಡು ಮಾತು ಹೆಚ್ಚು ಆಡಿಸಿರಿ. ಮಾತಿನ ಧಾಟಿ ತಪ್ಪಿದ್ದು ಆಗ ತಿಳಿಯುತ್ತದೆ.

ಸಿದ್ಧತೆಯಿಂದ ಫಲವುಂಟು

2010ರ ಮೇ 21ರಂದು ಅಹಮದಾಬಾದಿನಲ್ಲಿ ಉಷ್ಣತೆ 46.8 ಡಿಗ್ರಿ ಮುಟ್ಟಿತು. ಆ ಒಂದೇ ತಿಂಗಳಲ್ಲಿ ವಾಡಿಕೆಗಿಂತ 1,344 ಹೆಚ್ಚು ಸಾವುಗಳು ಅಲ್ಲಿ ಸಂಭವಿಸಿದವು. ಆ ನಗರ ಕೈಕಟ್ಟಿ ಕೂರಲಿಲ್ಲ. 2013ರಲ್ಲಿ ದಕ್ಷಿಣ ಏಷ್ಯದ ಮೊದಲ ಶಾಖ ನಿರ್ವಹಣಾ ಯೋಜನೆಯನ್ನು ಜಾರಿಗೆ ತಂದಿತು: ಮುನ್ಸೂಚನೆ, ಕುಡಿಯುವ ನೀರಿನ ಕೇಂದ್ರಗಳು, ಆಸ್ಪತ್ರೆಯ ಸಿಬ್ಬಂದಿಗೆ ತರಬೇತಿ. ಇದರಿಂದ ವರ್ಷಕ್ಕೆ ಸರಾಸರಿ ಸಾವಿರಕ್ಕೂ ಹೆಚ್ಚು ಸಾವುಗಳು ತಪ್ಪಿರಬಹುದೆಂದು 2018ರ ಅಧ್ಯಯನವೊಂದು ಅಂದಾಜಿಸಿತು. ಇನ್ನೂ ಮಾಡಬೇಕಾದ್ದು ಬಹಳವಿದೆ ಎಂಬುದಕ್ಕೆ 2024ರ ಬೇಸಗೆಯೇ ಸಾಕ್ಷಿ. ಮಾರ್ಚ್‌ನಿಂದ ಜೂನ್ ಮಧ್ಯದವರೆಗೆ ದೇಶದಲ್ಲಿ 40 ಸಾವಿರಕ್ಕೂ ಹೆಚ್ಚು ಶಂಕಿತ ಶಾಖಾಘಾತದ ಪ್ರಕರಣಗಳು ದಾಖಲಾದವು.

ಕನ್ನಡನಾಡಿಗೆ ಇದು ಹೊಸ ವಿಚಾರವೇನೂ ಅಲ್ಲ. ದಾರಿಹೋಕರಿಗಾಗಿ ಅರವಟ್ಟಿಗೆ ಇಡುವುದನ್ನು ನಮ್ಮ ಪೂರ್ವಿಕರು ಪುಣ್ಯಕಾರ್ಯವೆಂದು ಎಣಿಸಿದ್ದರು. ಹಳೆಯ ಶಾಸನಗಳಲ್ಲಿ ಅದರ ಉಲ್ಲೇಖಗಳು ದೊರೆಯುತ್ತವೆ. ಪುಣೆಯಲ್ಲಿ ನಾವು ಪ್ರತಿಯೊಬ್ಬರೂ ನಮ್ಮ ಸೊಸೈಟಿಯ ಗೇಟಿನಲ್ಲಿ ನೆರಳಿರುವ ಕಡೆ ಒಂದು ಮಡಕೆ ನೀರನ್ನಿಡಬಹುದು. ಕಾವಲುಗಾರನ ಕುರ್ಚಿಯನ್ನು ಬಿಸಿಲಿನಿಂದ ಈಚೆಗೆ ಸರಿಸಬಹುದು. ಮನೆಗೆಲಸದವಳಿಗೆ ಮಧ್ಯಾಹ್ನದ ಬದಲು ಬೆಳಗಿನ ವೇಳೆಯನ್ನು ಕೊಡಬಹುದು. ನಾಲ್ಕು ಓಆರ್‌ಎಸ್ ಪೊಟ್ಟಣಗಳನ್ನೂ ಫ್ರಿಜ್ಜಿನಲ್ಲಿ ಒಂದು ತಟ್ಟೆ ಮಂಜುಗಡ್ಡೆಯನ್ನೂ ಸಿದ್ಧವಾಗಿಡಬಹುದು. 108 ಎಂಬ ಸಂಖ್ಯೆಯನ್ನು ಅಜ್ಜ ಅಜ್ಜಿಯರಿಗೂ ಕಾಣುವಂತೆ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಬಹುದು.

ಇವೆಲ್ಲ ಸಣ್ಣ ಕೆಲಸಗಳು, ಖರ್ಚೂ ಅಲ್ಪ. ಈ ಬೇಸಗೆಯಲ್ಲಿ ನಮ್ಮ ಓದುಗರಲ್ಲಿ ಪ್ರತಿಯೊಂದು ಮನೆಯೂ ಒಬ್ಬ ಹಿರಿಯರ ಮತ್ತು ಒಬ್ಬ ಶ್ರಮಿಕರ ಯೋಗಕ್ಷೇಮವನ್ನು ತನ್ನದೆಂದು ವಹಿಸಿಕೊಳ್ಳಲಿ, ದಿನಕ್ಕೊಮ್ಮೆ ಅವರನ್ನು ಕನ್ನಡದಲ್ಲಿ ಮಾತನಾಡಿಸಲಿ ಎಂಬುದು ನಮ್ಮ ನಮ್ರ ವಿನಂತಿ.